ಮನ್ರೋ ಕಾಗದಗಳಲ್ಲಿ ಕರಾವಳಿಯ ಗದ್ದೆ

ಮಲ್ಪೆ, ಉಡುಪಿ, ಕಾಪು, ಕಾರ್ಕಳ ಸೀಮೆಯ ಭೂಮಿಯ ಚರಿತ್ರೆಯನ್ನು ಯಾರೇ ಬರೆಯಲು ಕುಳಿತರೂ ಕೆಲವೇ ಪುಟಗಳೊಳಗೆ ಥಾಮಸ್ ಮನ್ರೋನ ಹೆಸರು ಬಂದೇ ಬರುತ್ತದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಕರಾವಳಿಯನ್ನೊಳಗೊಂಡ ಕೆನರಾ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಅದರ ಮೊದಲ ಕಲೆಕ್ಟರನಾಗಿ ಬಂದವನು ಈತ. ಇಲ್ಲಿ ಇದ್ದದ್ದು ಒಂದೂಕಾಲು ವರ್ಷದಷ್ಟು ಕಾಲ ಮಾತ್ರ. ಅಷ್ಟರೊಳಗೆ ಮದರಾಸಿನ ರೆವಿನ್ಯೂ ಬೋರ್ಡಿಗೆ ಆತ ಬರೆದ ಕಾಗದಗಳು, ಅದರಲ್ಲೂ 1800ರ ಮೇ ಮತ್ತು ನವೆಂಬರ್ ತಿಂಗಳಿನವು, ಮುಂದಿನ ನೂರು ವರ್ಷ ಈ ಕರಾವಳಿಯ ಬಗ್ಗೆ ಸರಕಾರ ಆಡಿದ ಮಾತಿಗೆಲ್ಲ ತಳಪಾಯವಾದವು. ಇಲ್ಲಿನ ಗದ್ದೆ ತೋಟಗಳು ಹಿಂದಿನಿಂದಲೂ ಖಾಸಗಿ ಸ್ವತ್ತು, ಅವನ್ನು ಮಾರುತ್ತಾರೆ, ಅಡವಿಡುತ್ತಾರೆ, ಮಕ್ಕಳಿಗೂ ಸೋದರಳಿಯಂದಿರಿಗೂ ಬಿಟ್ಟುಹೋಗುತ್ತಾರೆ ಎಂಬುದು ಆ ಕಾಗದಗಳ ತಿರುಳು. 1812ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಮುಂದೆ ಬಂದ, ಕಂಪನಿಯ ಆಡಳಿತ ಕುರಿತ ಐದನೆಯ ವರದಿ ಕೆನರಾದ ವಿಷಯಕ್ಕೆ ಮನ್ರೋನನ್ನೇ ನೆಚ್ಚಿತು. 1875ರಲ್ಲಿ ಬೊಂಬಾಯಿ ಹೈಕೋರ್ಟು ಕೆನರಾದ ಕಂದಾಯದ ದೊಡ್ಡ ಮೊಕದ್ದಮೆಯನ್ನು ತೀರ್ಮಾನಿಸುವಾಗ ಇವೇ ಕಾಗದಗಳನ್ನು ತಿರುವಿಹಾಕಿತು. 1894ರಲ್ಲಿ ಸ್ಟರಕ್ ಪ್ರಕಟಿಸಿದ ದಕ್ಷಿಣ ಕನ್ನಡದ ಮ್ಯಾನ್ಯುಯಲ್‌ನ ಕಂದಾಯದ ಭಾಗ ನಿಂತಿರುವುದೂ ಇವುಗಳ ಮೇಲೆಯೇ.

ಅದೇ ಹದಿನೈದು ಹದಿನಾರು ತಿಂಗಳುಗಳಲ್ಲಿ ಅದೇ ಲೇಖನಿ ಬೇರೆ ಕಾಗದಗಳನ್ನೂ ಬರೆಯುತ್ತಿತ್ತು. ಗ್ಲಾಸ್ಗೋದಲ್ಲಿದ್ದ ತಂದೆ ತಾಯಿಗೆ, ಅಕ್ಕರೆಯ ತಂಗಿ ಅರ್ಸ್ಕಿನ್‌ಗೆ, ಮದರಾಸಿನ ಗೆಳೆಯರಿಗೆ, ಮೈಸೂರಿನ ದಂಡಿನ ಮುಖ್ಯಸ್ಥನಾಗಿದ್ದ ಆರ್ಥರ್ ವೆಲ್ಲೆಸ್ಲಿಗೆ. ಮನ್ರೋ 1827ರ ಜುಲೈ 6ರಂದು ಮದರಾಸಿನ ಗವರ್ನರನಾಗಿದ್ದಾಗಲೇ ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡ. ಮೂರೇ ವರ್ಷದಲ್ಲಿ, 1830ರಲ್ಲಿ, ಗ್ಲೀಗ್ ಎಂಬ ಪಾದ್ರಿ ಆತನ ಜೀವನಚರಿತ್ರೆಯನ್ನು ಪ್ರಕಟಿಸಿ ಮನೆಗೆ ಬರೆದ ಕಾಗದ, ಕಚೇರಿಗೆ ಬರೆದ ಕಾಗದ ಎರಡನ್ನೂ ಒಟ್ಟಿಗೆ ಓದುಗರ ಮುಂದಿಟ್ಟ. ಆ ಶತಮಾನದ ರೂಢಿಯೇ ಹಾಗೆ.  ನಮ್ಮ ಕರಾವಳಿಯ ಚರಿತ್ರೆ ಮಾತ್ರ ಮನ್ರೋನ ಕಚೇರಿ ಕಾಗದಗಳನ್ನು ಎತ್ತಿಕೊಂಡು ಮನೆಯ ಕಾಗದಗಳನ್ನು ಜೀವನಚರಿತ್ರೆಕಾರರಿಗೆ ಬಿಟ್ಟುಬಿಟ್ಟಿತು. ಇದು ನಷ್ಟದ ವಿಂಗಡಣೆ. ಎರಡನ್ನೂ ಒಂದೇ ಮೇಜಿನ ಮೇಲೆ ಹರಡಿಕೊಂಡು ಓದಿದಾಗ ಮಾತ್ರ, ಮನ್ರೋ ಕಂಡದ್ದೇನು, ವಾದಕ್ಕಾಗಿ ಒತ್ತಿ ಹೇಳಿದ್ದೇನು, ಕಂಡೂ ಬದಿಗೆ ಸರಿಸಿದ್ದೇನು ಎಂಬುದು ತಿಳಿಯುತ್ತದೆ. ಹಾಗೆ ಬದಿಗೆ ಸರಿದವನು ಕರಾವಳಿಯ ಗೇಣಿ ಒಕ್ಕಲು.

ಮನೆಯ ಕಾಗದಗಳಿಂದಲೇ ತೊಡಗೋಣ. ಮನ್ರೋನ ತಂದೆ ಅಲೆಕ್ಸಾಂಡರ್ ಮನ್ರೋ ಗ್ಲಾಸ್ಗೋದಲ್ಲಿದ್ದುಕೊಂಡು ಅಮೆರಿಕದ ವರ್ಜೀನಿಯಾದೊಡನೆ ಹೊಗೆಸೊಪ್ಪಿನ ವ್ಯಾಪಾರ ಮಾಡುತ್ತಿದ್ದವನು. ಅಮೆರಿಕದ ಸ್ವಾತಂತ್ರ್ಯ ಯುದ್ಧ ಆ ವ್ಯಾಪಾರವನ್ನು ಮುರಿಯಿತು, ಮನೆತನ ದಿವಾಳಿಯಾಯಿತು. ಮಗ ಕಂಪನಿಯ ಸೈನ್ಯಕ್ಕೆ ಸೇರಿ 1780ರಲ್ಲಿ ಮದರಾಸಿಗೆ ಬಂದಿಳಿದದ್ದು ಆ ಮುರಿದ ಮನೆಯಿಂದ. ಮುಂದೆ ಹಲವು ವರ್ಷ ಆತ ಸಂಬಳದಲ್ಲಿ ಉಳಿಸಿ ತಂದೆತಾಯಿಗೆ ಹಣ ಕಳಿಸುತ್ತಿದ್ದ. ದೂರದ ಸರಕಾರದ ಒಂದು ತೀರ್ಮಾನ ಒಂದು ಮನೆಯ ಕಟ್ಟು ಕಳಚಿಸಬಲ್ಲದು ಎಂಬುದನ್ನು ಹುಡುಗನಾಗಿದ್ದಾಗಲೇ ಕಂಡವನು ಕರಾವಳಿಯ ಕಂದಾಯ ನಿಗದಿ ಮಾಡಲು ಬಂದಿದ್ದ. ಕಂದಾಯ ಹಗುರವಾಗಿರಬೇಕು, ರೈತನ ಕೈಯಲ್ಲಿ ಏನಾದರೂ ಉಳಿಯಬೇಕು ಎಂದು ಆತ ಜೀವನವಿಡೀ ಹಟ ಹಿಡಿದು ವಾದಿಸಿದ್ದರ ಹಿಂದೆ ಈ ನೆನಪೂ ಇದ್ದಿರಬೇಕೆಂದು ನನಗನ್ನಿಸುತ್ತದೆ. ಪುರಾವೆ ಕೊಟ್ಟು ಹೇಳಬಲ್ಲ ಮಾತಲ್ಲ ಇದು, ಆದರೂ ಮನೆಯ ಕಾಗದಗಳನ್ನು ಓದಿದವರು ಇದನ್ನು ತಳ್ಳಿಹಾಕಲಾರರು.

ಕೆನರಾ ಆತನಿಗೆ ಬೇಡವಾದ ಸೀಮೆ. ಏಳು ವರ್ಷ ಬಾರಾಮಹಲಿನಲ್ಲಿ ಅಲೆಕ್ಸಾಂಡರ್ ರೀಡನ ಕೈಕೆಳಗೆ ದುಡಿದು, ಧರ್ಮಪುರಿಯಲ್ಲಿ ಒಂದು ತೋಟವನ್ನೂ ಬೆಳೆಸಿಕೊಂಡಿದ್ದವನು ಮನಸ್ಸಿಲ್ಲದೆ ಘಟ್ಟದ ಕೆಳಗಿಳಿದ. ಬಂದದ್ದೂ ಆಟಿಯ ಮಳೆ ಹಿಡಿದ ಹೊತ್ತಿಗೆ. ಬಿಡದ ಮಳೆ, ಹೆಜ್ಜೆ ಹೆಜ್ಜೆಗೆ ಹೊಳೆ, ಕುದುರೆಯೋಡಿಸಲು ಸಮತಟ್ಟು ನೆಲವಿಲ್ಲದ ಗುಡ್ಡಗಳು, ಮುಗಿಯದ ಲೆಕ್ಕಪತ್ರ. ಗೆಳೆಯರಿಗೆ ಬರೆದ ಕಾಗದಗಳಲ್ಲಿ ಈ ದೂರುಗಳು ತಿರುತಿರುಗಿ ಬರುತ್ತವೆ, ಜತೆಗೆ ಇಲ್ಲಿಂದ ಬಿಡುಗಡೆ ಕೊಡಿಸಿ ಎಂಬ ಕೋರಿಕೆಯೂ. 1800ರ ಅಕ್ಟೋಬರಿನಲ್ಲಿ ಬಳ್ಳಾರಿ, ಕಡಪ ಸೀಮೆಗಳನ್ನು ನಿಜಾಮ ಕಂಪನಿಗೆ ಬಿಟ್ಟುಕೊಟ್ಟದ್ದೇ ತಡ, ಆ ಹೊಸ ಜಿಲ್ಲೆಗಳಿಗೆ ತನ್ನನ್ನು ಕಳಿಸಿ ಎಂದು ಕೇಳಿಕೊಂಡು ಮನ್ರೋ ಕರಾವಳಿ ಬಿಟ್ಟ. ಆತ ಹೋದ ಮೇಲೆ ಸೀಮೆಯನ್ನು ಉತ್ತರ ದಕ್ಷಿಣ ಎಂದು ಎರಡು ಮಾಡಿ ಇಬ್ಬರು ಕಲೆಕ್ಟರುಗಳ ಕೈಗೆ ಕೊಡಬೇಕಾಯಿತು. ಒಬ್ಬನ ಬೆನ್ನು ತಾಳುವ ಹೊರೆಯಾಗಿರಲಿಲ್ಲ ಅದು.

ಈಗ ಕಚೇರಿಯ ಕಾಗದಕ್ಕೆ ಬರೋಣ. ಅದರಲ್ಲಿ ದಣಿವಿಲ್ಲ, ಗೊಣಗಾಟವಿಲ್ಲ. ಒಂದು ದೀರ್ಘ ಚರಿತ್ರೆ ಒಂದೇ ಓಟದಲ್ಲಿ ಹರಿಯುತ್ತದೆ. ಶ್ಯಾನುಭೋಗರ ಬಳಿಯಿದ್ದ ಹಳೆಯ ಕಡತಗಳನ್ನು ತರಿಸಿ ನೋಡಿ ಆತ ಹೇಳಿದ್ದು ಇದು. ವಿಜಯನಗರದ ಹರಿಹರನ ಕಾಲದಲ್ಲಿ ಬಿತ್ತಿದ ಬೀಜದ ಲೆಕ್ಕದಲ್ಲಿ ಬೆಳೆಯನ್ನು ಅಂದಾಜು ಮಾಡುತ್ತಿದ್ದರು. ಬೆಳೆಯ ಅರ್ಧ ಉಳುವವನಿಗೆ, ಕಾಲುಭಾಗ ಭೂಮಿಯ ಒಡೆಯನಿಗೆ, ಉಳಿದ ಕಾಲುಭಾಗದಲ್ಲಿ ಅರಸನಿಗೆ ಒಟ್ಟು ಬೆಳೆಯ ಆರನೆಯ ಒಂದು ಪಾಲು, ಮಿಕ್ಕಿದ್ದು ದೇವಸ್ಥಾನಕ್ಕೂ ಬ್ರಾಹ್ಮಣರಿಗೂ. ಹೀಗೆ ಗೊತ್ತಾದದ್ದು ರೇಖೆ. ಇಕ್ಕೇರಿಯ ನಾಯಕರು ಅದರ ಮೇಲೆ ಒಂದಿಷ್ಟು ಏರಿಸಿದರು. 1763ರಲ್ಲಿ ಬಿದನೂರು ಹೈದರನ ಕೈಸೇರಿದ ಮೇಲೆ ಅವನೂ ಟಿಪ್ಪುವೂ ಹೇರಿದ ಹೆಚ್ಚುವರಿ ಶಾಮಿಲು. ರೇಖೆಯ ಕಾಲದಲ್ಲಿ ಭೂಮಿಗೆ ಒಳ್ಳೆಯ ಬೆಲೆಯಿತ್ತು, ಕ್ರಯಪತ್ರಗಳೇ ಅದಕ್ಕೆ ಸಾಕ್ಷಿ. ಶಾಮಿಲು ಏರಿದಂತೆ ಬೆಲೆ ಬಿತ್ತು, ವರ್ಗಗಳು, ಎಂದರೆ ಕಂದಾಯದ ಲೆಕ್ಕದಲ್ಲಿ ಒಬ್ಬ ಒಡೆಯನ ಹೆಸರಿನಲ್ಲಿದ್ದ ಹಿಡುವಳಿಗಳು, ಪಾಳುಬಿದ್ದವು. ಆದ್ದರಿಂದ ಕಂದಾಯ ಇಳಿಸಬೇಕು. ಹೀಗೆ ಸಾಗುತ್ತದೆ ವಾದ.

ಈ ವಾದವನ್ನು ಮನ್ರೋ ಯಾರ ಮುಂದೆ ಹೂಡಿದ ಎಂಬುದನ್ನು ಮರೆಯಬಾರದು. ಬಂಗಾಳದಲ್ಲಿ 1793ರಲ್ಲಿ ಬಂದ ಕಾಯಂ ಜಮೀನ್ದಾರಿಯನ್ನು ಮದರಾಸಿನಲ್ಲೂ ತರಬೇಕೆಂದು ಕಲ್ಕತ್ತೆಯಿಂದ ಒತ್ತಾಯ ಬರುತ್ತಿದ್ದ ದಿನಗಳು ಅವು. ದೊಡ್ಡ ಜಮೀನ್ದಾರರನ್ನು ಹುಟ್ಟಿಸುವುದು ಆತನಿಗೆ ಸುತರಾಂ ಒಪ್ಪಿಗೆಯಿರಲಿಲ್ಲ. ಕೆನರಾದಲ್ಲಿ ನೀವು ಒಡೆಯರನ್ನು ಹುಟ್ಟಿಸಬೇಕಾಗಿಲ್ಲ, ಇಲ್ಲಿ ಸಾವಿರಾರು ಸಣ್ಣ ಒಡೆಯರು ಆಗಲೇ ಇದ್ದಾರೆ, ಅವರ ಮೇಲಿನ ಹೊರೆ ಇಳಿಸಿದರೆ ಸಾಕು ಎನ್ನುವುದು ಆ ಒತ್ತಾಯಕ್ಕೆ ಕೊಟ್ಟ ಉತ್ತರ. ಏಳು ವರ್ಷಗಳ ಮೇಲೆ, 1807ರಲ್ಲಿ, ಬಳ್ಳಾರಿ ಸೀಮೆಯನ್ನು ಕುರಿತು ಬರೆಯುವಾಗ ಅದೇ ಮನ್ರೋ ಅಲ್ಲಿ ಭೂಮಿಯ ಮೇಲೆ ಖಾಸಗಿ ಒಡೆತನ ಇದ್ದೇ ಇಲ್ಲ, ಅದು ಸರಕಾರದ್ದೇ ಎಂದ. ಅಲ್ಲಿಯೂ ಕೊನೆಯ ಸಲಹೆ ಮಾತ್ರ ಇಲ್ಲಿಯದೇ: ನಡುವೆ ಜಮೀನ್ದಾರ ಬೇಡ, ರೈತನೊಡನೆ ನೇರ ಬಂದೋಬಸ್ತು, ಕಂದಾಯ ಇಳಿಯಲಿ. 1989ರಲ್ಲಿ ಮನ್ರೋ ಬಗ್ಗೆ ಪುಸ್ತಕ ಬರೆದ ಇತಿಹಾಸಕಾರ ಬರ್ಟನ್ ಸ್ಟೈನ್, ಆತನ ಚರಿತ್ರೆಗಳು ಆತನ ನೀತಿಗೆ ಒದಗಿಬರುವಂತೆ ರೂಪುಗೊಂಡವು ಎಂಬುದನ್ನು ವಿವರವಾಗಿ ತೋರಿಸಿದ್ದಾರೆ.

ಹಾಗಾದರೆ ಕೆನರಾದ ಖಾಸಗಿ ಸ್ವತ್ತು ಎಂಬುದು ಮನ್ರೋ ಹೆಣೆದ ಕತೆಯೇ? ಹಾಗೆನ್ನಲಾಗದು. ಆತನ ಕಾಗದದ ಹೊರಗೂ ಸಾಕ್ಷಿಗಳಿವೆ. ವಿಜಯನಗರದ ರಾಜ್ಯಪಾಲರು ಕುಳಿತು ಆಳಿದ ಬಾರಕೂರಿನಲ್ಲಿ, ಉಡುಪಿಯ ಸುತ್ತಮುತ್ತ, ಊರೂರಿನ ಗುಡಿಗಳಲ್ಲಿ ಸಿಕ್ಕಿರುವ ಶಾಸನಗಳಲ್ಲಿ ಗದ್ದೆಯನ್ನು ಬಿತ್ತುವ ಬೀಜದ ಮುಡಿಗಳಲ್ಲಿ ಅಳೆದಿದ್ದಾರೆ. ಗದ್ದೆಯನ್ನು ಕೊಂಡು ದೇವರಿಗೆ ಬಿಟ್ಟ, ಗಡಿ ಹೇಳಿ ಗುರುತಿಸಿದ ದಾನಗಳು ಅವುಗಳಲ್ಲಿವೆ. ಕಾರ್ಕಳದ ಚತುರ್ಮುಖ ಬಸದಿಯ 1586ರ ಶಾಸನದಲ್ಲಿ ಭೈರರಸ ಊರುಗಳ ಉತ್ಪತ್ತಿಯನ್ನು ಅಕ್ಕಿಯಲ್ಲೂ ಹಣದಲ್ಲೂ ಲೆಕ್ಕ ಹಾಕಿ ಬಿಟ್ಟುಕೊಟ್ಟಿದ್ದಾನೆ. ಕೆ.ವಿ. ರಮೇಶ್ ಅವರ 1970ರ ಗ್ರಂಥವನ್ನೂ ಕಲ್ಯಾಣಪುರದ ಕಾಲೇಜಿನಲ್ಲಿದ್ದ ಪಿ. ಗುರುರಾಜ ಭಟ್ಟರ 1975ರ ತುಳುವ ಚರಿತ್ರೆಯ ಗ್ರಂಥವನ್ನೂ ತೆರೆದರೆ ಇಂಥ ಶಾಸನಗಳ ರಾಶಿಯೇ ಎದುರಾಗುತ್ತದೆ. ಭೂಮಿಗೆ ಹಕ್ಕು, ಹಕ್ಕಿಗೆ ಪತ್ರ, ಪತ್ರಕ್ಕೆ ಬೆಲೆ ಎಂಬ ಕ್ರಮ ಇಲ್ಲಿ ಬೇರೂರಿದ್ದು ನಿಜ. ಮನ್ರೋ ಇದ್ದದ್ದನ್ನು ಕಂಡ. ಕಂಡದ್ದರಲ್ಲಿ ತನ್ನ ವಾದಕ್ಕೆ ಬೇಕಾದ ಒಂದು ಎಳೆಯನ್ನು ಎತ್ತಿ ಹಿಡಿದ.

ಬಿಟ್ಟ ಎಳೆ ಆತನ ಲೆಕ್ಕದೊಳಗೇ ಇದೆ. ಬೆಳೆಯ ಅರ್ಧ ಉಳುವವನಿಗೆ ಎಂದು ಹರಿಹರನ ಕಾಲದ ಲೆಕ್ಕವನ್ನು ಬರೆದವನು ಮನ್ರೋನೇ. ಗೇಣಿಯಲ್ಲಿ ಎರಡು ಬಗೆ ಎಂದೂ ಆತ ಬರೆದ. ಮೂಲಗೇಣಿಯವನ ಗೇಣಿ ಕಾಯಂ, ಕೊಡುತ್ತಿರುವ ತನಕ ಧಣಿ ಅವನನ್ನು ಎಬ್ಬಿಸುವಂತಿಲ್ಲ. ಚಾಲಗೇಣಿಯವನು ಧಣಿಯ ಮರ್ಜಿಯಲ್ಲಿದ್ದವನು, ವರ್ಷ ವರ್ಷ ಗೇಣಿ ಏರಿಸಬಹುದು, ಬೇಡವೆನಿಸಿದರೆ ಬಿಡಿಸಬಹುದು. ಇಷ್ಟನ್ನು ತಿಳಿದವನು ಬಂದೋಬಸ್ತಿನ ಹೊತ್ತಿಗೆ ವರ್ಗದ ಒಡೆಯನಾದ ವರ್ಗದಾರನ ಹೆಸರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡ. ಇಳಿಸಿದ ಕಂದಾಯದ ಲಾಭದಲ್ಲಿ ಒಕ್ಕಲಿಗೆ ಪಾಲು ಸಿಗುವಂತೆ ಮಾಡುವ ಒಂದು ಸಾಲೂ ಬಂದೋಬಸ್ತಿನಲ್ಲಿ ಸೇರಲಿಲ್ಲ. ಒಕ್ಕಲಿನ ಕೆಳಗೂ ಜನರಿದ್ದರು. ಮನ್ರೋ ಹೋದ ಕೆಲವೇ ತಿಂಗಳ ಮೇಲೆ, 1801ರ ಆರಂಭದಲ್ಲಿ, ಕಾರ್ಕಳ, ಹಿರಿಯಡಕ, ಉಡುಪಿಗಳ ದಾರಿಯಾಗಿ ಹಾದುಹೋದ ಫ್ರಾನ್ಸಿಸ್ ಬುಕಾನನ್ ಕರಾವಳಿಯ ಗದ್ದೆಗಳಲ್ಲಿ ಕೂಲಿಯಾಳುಗಳನ್ನೂ ಕೊಂಡು ತಂದ ಮೂಲದಾಳುಗಳನ್ನೂ ಗುರುತಿಸಿ, ಅವರಿಗೆ ದಿನಕ್ಕೆ ಅಳೆದುಕೊಡುವ ಅಕ್ಕಿಯನ್ನೂ ಬರೆದಿಟ್ಟ. ಕೃಷಿಯ ಬಗ್ಗೆ ಕೇಳಿ ತಿಳಿಯಲೆಂದೇ ಬಂದವನು ಊರಿನೊಳಗೆ ನಡೆದುಹೋದ ಕೆಲವೇ ವಾರಗಳಲ್ಲಿ ಕಂಡದ್ದು ಒಂದೂಕಾಲು ವರ್ಷ ಆಳಿದವನ ಬಂದೋಬಸ್ತಿಗೆ ಬೇಕಾಗಲಿಲ್ಲ.

ಯಾಕೆ ಬೇಕಾಗಲಿಲ್ಲ ಎಂಬುದಕ್ಕೆ ಕಚೇರಿಯ ಕಾಗದ ಉತ್ತರ ಕೊಡುವುದಿಲ್ಲ. ಉಳಿದ ಕಾಗದಗಳು ಕೊಡುತ್ತವೆ. ಆ ವರ್ಷ ಸೀಮೆ ಇನ್ನೂ ಯುದ್ಧದಿಂದ ಹೊರಬಂದಿರಲಿಲ್ಲ. ಜಮಾಲಾಬಾದಿನ ಕೋಟೆ 1799ರಲ್ಲಿ ಕಂಪನಿಯ ಕೈಸೇರಿ, ಮತ್ತೆ ಕೈತಪ್ಪಿ, 1800ರಲ್ಲಿ ಮುತ್ತಿಗೆ ಹಾಕಿ ಮರಳಿ ಪಡೆಯಬೇಕಾಯಿತು. ವಿಟ್ಲದ ಹೆಗ್ಗಡೆ ದಂಗೆಯೆದ್ದು, ಸೆರೆಸಿಕ್ಕಿ, 1800ರಲ್ಲೇ ನೇಣಿಗೇರಿದ. ಹಳೆಯ ಪಾಳೆಯಗಾರರ ವಿಷಯದಲ್ಲಿ ಕನಿಕರ ಬೇಡವೆಂದವನು ಮನ್ರೋ. ಘಟ್ಟದ ಮೇಲೆ ವೆಲ್ಲೆಸ್ಲಿ ದಂಗೆಕೋರ ಧೋಂಡಿಯಾ ವಾಘನ ಬೆನ್ನಟ್ಟಿದ್ದ. ಅವರಿಬ್ಬರ ನಡುವೆ ಓಡಾಡಿದ ಕಾಗದಗಳಲ್ಲಿ ಗೆಳೆತನದ ಸಲಿಗೆಯಿದೆ, ನಮ್ಮ ರಾಜ್ಯ ನಮ್ಮ ಶಕ್ತಿಗೆ ಮೀರಿ ಬೆಳೆದಿದೆ ಎಂಬ ವೆಲ್ಲೆಸ್ಲಿಯ ಅಳುಕೂ ಇದೆ, ಎಲ್ಲಕ್ಕಿಂತ ಮಿಗಿಲಾಗಿ ಅಕ್ಕಿಯ ಮಾತಿದೆ. ದಂಡಿಗೆ ಅಕ್ಕಿ ಬೇಕು, ಅಕ್ಕಿ ಕರಾವಳಿಯಲ್ಲಿದೆ. ಮಲ್ಪೆಯಂಥ ಅಳಿವೆಯ ಬಂದರುಗಳು ಮಳೆ ಮುಗಿದ ಮೇಲೆ ಗೋವೆಗೂ ಮಲಬಾರಿಗೂ ಅರಬರ ನಾಡಿಗೂ ಮುಡಿಗಟ್ಟಲೆ ಅಕ್ಕಿ ಹೇರಿಸುತ್ತಿದ್ದ ಕಾಲ ಅದು. ದಂಗೆ ಅಡಗಬೇಕು, ಅಕ್ಕಿ ಹೊರಡಬೇಕು, ಕಂದಾಯ ಕೂಡಬೇಕು ಎಂಬ ತುರ್ತಿನಲ್ಲಿದ್ದವನಿಗೆ ಊರಿನಲ್ಲಿ ಮಾತು ನಡೆಯುವ ಮನುಷ್ಯ ಬೇಕಾಗಿದ್ದ. ಅವನು ವರ್ಗದಾರ. ಕಚೇರಿಗೆ ಕಡತ ಹೊತ್ತು ತಂದ ಶ್ಯಾನುಭೋಗನೂ ಅವನ ಬಳಗದವನೇ. ಮಲ್ಪೆಯಲ್ಲಿ ದೋಣಿಗೆ ಅಕ್ಕಿ ತುಂಬುವ ಹೊತ್ತಿಗೆ ಆ ಮುಡಿ ಯಾರ ಗದ್ದೆಯದು, ಯಾರ ಗೇಣಿಯದು ಎಂದು ಕೇಳುವ ಬಿಡುವು ಆ ಕಾಗದಗಳಲ್ಲಿ ಕಾಣುವುದಿಲ್ಲ. ಹೊರಟುಹೋಗಲು ದಿನ ಎಣಿಸುತ್ತಿದ್ದ ಅಧಿಕಾರಿಗೆ ಅದು ಬೇಕಾಗಿಯೂ ಇರಲಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಖಾಸಗಿ ಕಾಗದದಲ್ಲಿ ಮನುಷ್ಯ ನಿಜ ಹೇಳುತ್ತಾನೆ, ಸರಕಾರಿ ಕಾಗದದಲ್ಲಿ ಮುಖವಾಡ ಹಾಕುತ್ತಾನೆ ಎಂಬ ಸುಲಭದ ನಂಬಿಕೆಗೆ ನಾನು ಬಿದ್ದಿದ್ದೇನೆ ಎನ್ನಬಹುದು. ನನ್ನ ಮಾತು ಅದಲ್ಲ. ಖಾಸಗಿ ಕಾಗದವೂ ಒಬ್ಬರನ್ನು ಒಪ್ಪಿಸಲು ಬರೆದದ್ದೇ. ವರ್ಗಾವಣೆ ಬೇಕಾದವನು ಮಳೆಯನ್ನು ಹೆಚ್ಚು ಮಾಡಿ ಬರೆದಾನು, ತಂಗಿಯನ್ನು ನಗಿಸಬೇಕಾದವನು ತನ್ನ ಪಾಡನ್ನು ಬಣ್ಣಿಸಿಯಾನು. ಅದೇ ಮಳೆ ತಂದ ಬೆಳೆಯನ್ನು ಅದೇ ಮನುಷ್ಯ ಬೋರ್ಡಿಗೆ ಬರೆಯುವಾಗ ಸೀಮೆಯ ಸಂಪತ್ತೆಂದು ಎಣಿಸಿದ. ಒಂದು ಕಾಗದ ಇನ್ನೊಂದನ್ನು ಸುಳ್ಳಾಗಿಸುವುದಿಲ್ಲ, ಯಾವ ಭಾಗಕ್ಕೆ ಎಷ್ಟು ಭಾರ ಕೊಡಬೇಕೆಂದು ಹೇಳುತ್ತದೆ. ಕ್ರಯಪತ್ರಗಳ ಬಗ್ಗೆ ಬರೆದದ್ದನ್ನು ನಾವು ನಂಬಬಹುದು, ಶಾಸನಗಳು ಅದರ ಪಕ್ಕದಲ್ಲಿ ನಿಲ್ಲುತ್ತವೆ. ಕರಾವಳಿಯ ರೈತನೆಂದರೆ ಭೂಮಿಯ ಒಡೆಯ ಎಂಬ ಧಾಟಿಯನ್ನು ನಂಬಲು ಮಾತ್ರ ಹಿಂದುಮುಂದು ನೋಡಬೇಕು. ಆ ರೈತ ಕಚೇರಿಯ ಮೆಟ್ಟಿಲೇರಿದ ರೈತ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. 1800ರ ಅಧಿಕಾರಿಯೊಬ್ಬ ಗೇಣಿದಾರನ ಹಕ್ಕನ್ನು ಕಾಣಲಿಲ್ಲವೆಂದು 1974ರ ಭೂಸುಧಾರಣೆಯ ಕಣ್ಣಿನಿಂದ ದೂರುವುದು ನ್ಯಾಯವೇ? ಬೇರೆ ಯಾವ ಕಲೆಕ್ಟರನ ವಿಷಯದಲ್ಲಾದರೂ ನಾನು ಈ ಮಾತಿಗೆ ತಲೆಬಾಗುತ್ತಿದ್ದೆ. ಮನ್ರೋನ ವಿಷಯದಲ್ಲಿ ಆಗದು. ಉಳುವವನನ್ನೇ ನೇರ ಹಿಡಿದು ಮಾತಾಡಬೇಕು, ನಡುವಿನವನು ಬೇಡ ಎಂಬ ವಿಚಾರವನ್ನು ಬಾರಾಮಹಲಿನಲ್ಲಿ ಕಲಿತವನು, ಬಳ್ಳಾರಿ ಕಡಪಗಳಲ್ಲಿ ಆಚರಣೆಗೆ ತಂದವನು, ಕೊನೆಗೆ ಗವರ್ನರನಾಗಿ ಮದರಾಸು ಪ್ರಾಂತಕ್ಕೆಲ್ಲ ಹಬ್ಬಿಸಿದವನು ಆತ. ರಾಯಲಸೀಮೆಯ ಜನ ಇಂದಿಗೂ ಆತನ ಹೆಸರನ್ನು ಆದರದಿಂದ ನೆನೆಯುವುದು ಅದಕ್ಕೇ. ಆ ವಿಚಾರ ಆತನಲ್ಲಿತ್ತು, ಕರಾವಳಿಗೆ ಅನ್ವಯಿಸಲಿಲ್ಲ ಅಷ್ಟೆ. ಜಮೀನ್ದಾರನನ್ನು ತಡೆಯುವ ಭರದಲ್ಲಿ ವರ್ಗದಾರನನ್ನೇ ಸಣ್ಣ ರೈತನೆಂದು ತೋರಿಸಿದ. ವರ್ಗದಾರರಲ್ಲಿ ತಾವೇ ಉತ್ತು ಉಣ್ಣುವ ಬಡವರೂ ಇದ್ದರು, ನೂರಾರು ಮುಡಿ ಗೇಣಿ ಎಣಿಸುವ ಮನೆತನಗಳೂ ಮಠಗಳೂ ಇದ್ದವು. ಒಂದೇ ಹೆಸರಿನಡಿ ಎರಡನ್ನೂ ಸೇರಿಸಿದ್ದರ ಫಲವನ್ನು ಒಕ್ಕಲು ಉಂಡ.

ಮುಂದೆ ಆದದ್ದನ್ನು ಬೇಗ ಹೇಳಬಹುದು. 1819ರಲ್ಲಿ ಹಿಂದಿನ ವಸೂಲಿಯ ಸರಾಸರಿ ಹಿಡಿದು ತರಾವು ಎಂಬ ಕಂದಾಯ ನಿಗದಿಯಾಯಿತು. ಪೂರ್ತಿ ಕೊಡಬಲ್ಲ ವರ್ಗ ಭರ್ತಿ, ಕೊಡಲಾರದ್ದು ಕಂಭರ್ತಿ. ಧಾನ್ಯದ ಬೆಲೆ ಕುಸಿದಾಗ ಆ ಲೆಕ್ಕವೂ ಭಾರವಾಯಿತು. 1830-31ರಲ್ಲಿ ರೈತರು ಅಲ್ಲಲ್ಲಿ ಕೂಟ ಸೇರಿ, ಕಂದಾಯ ಕೊಡುವುದಿಲ್ಲವೆಂದು ಆಯುಧವಿಲ್ಲದೆ ಕುಳಿತರು. ಸರಕಾರ ಸ್ಟೋಕ್ಸ್ ಎಂಬ ಅಧಿಕಾರಿಯಿಂದ ತನಿಖೆ ಮಾಡಿಸಿತು. ಧರ್ಮಪಾಲ್ ಅವರು 1971ರಲ್ಲಿ ಭಾರತೀಯ ಪರಂಪರೆಯ ಅಸಹಕಾರವನ್ನು ಕುರಿತು ಬರೆದ ಪುಸ್ತಕದಲ್ಲಿ ಕೆನರಾದ ಈ ಕೂಟಗಳಿಗೆ ಜಾಗವಿದೆ. ಅದು ಸಾಹಸದ ಅಧ್ಯಾಯ, ಹೆಮ್ಮೆಪಡಬೇಕಾದದ್ದು. ಆದರೆ ಅಲ್ಲಿಯೂ ಬೇಡಿಕೆ ಸರಕಾರಕ್ಕೆ ಕಟ್ಟುವ ಕಂದಾಯದ್ದು. ಧಣಿಗೆ ಅಳೆಯುವ ಗೇಣಿ ಆ ತಕರಾರಿನ ವಿಷಯವಾಗಲಿಲ್ಲ.

ಪರದೇಶಿಯ ಕಾಗದಗಳ ಗೊಡವೆಯೇ ಯಾಕೆ, ನಮ್ಮ ಕಡತಗಳೂ ಶಾಸನಗಳೂ ಸಾಲವೇ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ. ಶಾಸನಗಳನ್ನು ಕೆತ್ತಿಸಿದವರೂ ಭೂಮಿಯುಳ್ಳವರೇ, ಕಡತ ಬರೆದವರೂ ಅವರ ಲೆಕ್ಕಿಗರೇ. ಒಕ್ಕಲಿನ ಮೌನ ಅಲ್ಲಿಯೂ ಇದೆ. ಮನ್ರೋನ ಕಾಗದಗಳಿಗೆ ಒಂದು ಅನುಕೂಲವುಂಟು. ಅವನ್ನು ಬರೆದವನ ದಣಿವು, ಅವಸರ, ಹಟ, ಮನೆಯ ಸಾಲ ಎಲ್ಲವೂ ಪಕ್ಕದಲ್ಲೇ ದಾಖಲಾಗಿವೆ, ಹಾಗಾಗಿ ಆ ಮೌನ ಹೇಗೆ ಉಂಟಾಯಿತೆಂದು ತಿಳಿಯುವ ದಾರಿಯಿದೆ. ಮೂಲ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ, ಗ್ಲೀಗನ ಸಂಪುಟಗಳೂ 1881ರಲ್ಲಿ ಅರ್ಬತ್‌ನಾಟ್ ಆರಿಸಿ ಕೊಟ್ಟ ಸರಕಾರಿ ಬರಹಗಳೂ ಇಂಗ್ಲಿಷಿನಲ್ಲಿವೆ. ಕೆನರಾದ ಕಾಗದಗಳಷ್ಟನ್ನಾದರೂ, ಮನೆಯವು ಕಚೇರಿಯವು ಎಂದು ಬೇರ್ಪಡಿಸದೆ ತಾರೀಖಿನ ಸಾಲಿನಲ್ಲಿ ಜೋಡಿಸಿ, ಬಾರಕೂರು ಕಾರ್ಕಳಗಳ ಶಾಸನಗಳ ಅಡಿಟಿಪ್ಪಣಿಯೊಡನೆ ಕನ್ನಡಕ್ಕೆ ತರಬೇಕು. ಮಣಿಪಾಲ, ಮಂಗಳೂರುಗಳಲ್ಲಿ ಇದನ್ನು ಮಾಡಬಲ್ಲ ವಿದ್ವಾಂಸರಿದ್ದಾರೆ.

ಆ ಸಂಪುಟಕ್ಕೆ ಇನ್ನೊಂದು ಬಗೆಯ ಕಾಗದವನ್ನೂ ಸೇರಿಸಬೇಕೆಂಬುದು ನನ್ನ ಆಸೆ. ದೇವರಾಜ ಅರಸರ ಸರಕಾರ ತಿದ್ದಿದ ಭೂಸುಧಾರಣಾ ಕಾಯ್ದೆ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ಉಡುಪಿ, ಕಾರ್ಕಳ ತಾಲೂಕುಗಳ ಗೇಣಿ ಒಕ್ಕಲುಗಳು ಭೂ ನ್ಯಾಯಮಂಡಳಿಗೆ ನಮೂನೆ 7ರಲ್ಲಿ ಅರ್ಜಿ ಕೊಟ್ಟರು. ಡಿಕ್ಲರೇಶನ್ ಕೊಡುವುದು ಎಂದೇ ಊರಿನ ಮಾತು. ಸರ್ವೆ ನಂಬರು, ಗೇಣಿ ಎಷ್ಟು ಮುಡಿ, ಧಣಿ ಯಾರು, ಎಷ್ಟು ವರ್ಷದಿಂದ ಉಳುತ್ತಿದ್ದೇವೆ ಎಂದು ತಮ್ಮ ಹೆಸರಿನಲ್ಲೇ ಬರೆಸಿ, ಎಷ್ಟೋ ಮಂದಿ ಹೆಬ್ಬೆಟ್ಟೊತ್ತಿ ಸಲ್ಲಿಸಿದ ಆ ಅರ್ಜಿಗಳು, ಮನ್ರೋ 1800ರಲ್ಲಿ ಕೇಳದೆ ಬಿಟ್ಟ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಕೊಡುತ್ತವೆ. ಮೂಲಗೇಣಿಯ ತಕರಾರು ಇನ್ನೂ ಉಳಿದು, 2011ರಲ್ಲಿ ಅದಕ್ಕೆಂದೇ ಬೇರೆ ಕಾಯ್ದೆ ಮಾಡಬೇಕಾಯಿತು. ತಾಲೂಕು ಕಚೇರಿಗಳ ದಫ್ತರದಲ್ಲಿ ಕಟ್ಟಿಟ್ಟಿರುವ ಆ ಅರ್ಜಿಗಳಿಗೆ ಹುಳು ಹಿಡಿಯುವ ಮೊದಲು ಅವುಗಳ ಪಟ್ಟಿಯಾದರೂ ಆಗಬೇಕು. ಮನ್ರೋನ ಕಾಗದಗಳಿಗೆ ಇರುವಷ್ಟೇ ಹಕ್ಕು ಅವಕ್ಕೂ ಇದೆ.